ಕುರಿಗಳ ನಕಾಶೆ ಮತ್ತು ಒಂದು ಬಾಟಲಿ ಉಪ್ಪಿನಕಾಯಿ

ಕೋವಿಡ್ ಮುಗಿದ ಮರುವರ್ಷ ನಾನು ಮಹಾರಾಷ್ಟ್ರದ ಗಡಿಯೊಳಗಿನ ಜತ್ತದಲ್ಲಿ, ಕುರಿಗಳಿಗೆ ವಿಮೆ ಮಾಡುವ ಖಾಸಗಿ ಕಂಪನಿಯೊಂದರ ಶಾಖೆಯಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮುಖ್ಯಸ್ಥೆ ಎಂದರೆ ದೊಡ್ಡ ಪರಿವಾರವೇನಿಲ್ಲ. ನಾನು, ಮತ್ತು ತಿಕೋಂಡಿಯ ಮಹಾದೇವಿ. ಕುರಿಯ ಕಿವಿಬಿಲ್ಲೆಯ ನಂಬರು, ಮಾಲೀಕನ ಊರು, ಸತ್ತರೆ ಸತ್ತ ಜಾಗ, ಎಲ್ಲವನ್ನೂ ನಾವಿಬ್ಬರೇ ಟೈಪ್ ಮಾಡುತ್ತಿದ್ದೆವು. ಆ ಕೀಬೋರ್ಡಿನ ಸದ್ದು ಈಗಲೂ ಒಮ್ಮೊಮ್ಮೆ ಕಿವಿಯಲ್ಲಿ ಕೇಳಿಸುತ್ತದೆ.

ಪುಣೆಯಿಂದ ರೀಜನಲ್ ಮ್ಯಾನೇಜರ್ ಪ್ರಮೋದ ಸಾಹೇಬರು ಬಂದು, ಇನ್ನು ಎಲ್ಲಾ ಕೆಲಸ ಮೊಬೈಲ್ ಆ್ಯಪ್ ಮಾಡುತ್ತದೆ, ನಿಮ್ಮ ಸೆಕ್ಷನ್ ಬಂದ್ ಎಂದರು. ನನಗೆ ಟಪಾಲು ವಿಭಾಗ. ಮಹಾದೇವಿಗೆ ಒಂದು ವರ್ಷದ ಗಡುವು: ಕಂಪನಿಗೆ ಬೇಕಾದ ಹೊಸ ವಿದ್ಯೆ ಕಲಿ, ಇಲ್ಲವೇ ಮನೆಗೆ ಹೋಗು. ಅವಳ ಅತ್ತೆ ಕಾಯುತ್ತಿದ್ದುದೂ ಅದನ್ನೇ. ನನ್ನನ್ನೂ ಟ್ರೇನಿಂಗಿಗೆ ಕಳಿಸಿ ಎಂದು ಮೀಟಿಂಗಿನಲ್ಲಿ ಕೇಳಿದೆ.

"ಮ್ಯಾಡಂ, ನೀವೀಗ ನಿಂಬೆಕಾಯಿ ಉಪ್ಪಿನಕಾಯಿ ಹಾಕುವುದು ಕಲಿಯಿರಿ. ಸ್ಕಿಲ್ ಈಸ್ ಸ್ಕಿಲ್!" ಎಂದರು ಮರಾಠಿಯಲ್ಲಿ. ಎಲ್ಲರೂ ನಕ್ಕರು.

ಕಾನ್ವೆಂಟಿನ ಸಿಸ್ಟರುಗಳು ನನಗೆ ಕ್ಷಮೆಯನ್ನು ವರ್ಷಗಟ್ಟಲೆ ಬೋಧಿಸಿದ್ದರು. ಆ ಒಂದು ಸಬ್ಜೆಕ್ಟಿನಲ್ಲಿ ನಾನು ಪಾಸಾಗಲೇ ಇಲ್ಲ.

ಅಂದು ಸಂಜೆ ಮಹಾದೇವಿ ಕಣ್ಣೊರೆಸಿಕೊಳ್ಳುತ್ತಾ ಮನೆಗೆ ಬಂದಳು. "ಬಾಯಾರ, ಫೋನ ತಗದ್ರ ಸಾಕ್ರಿ, ಎಐ ಕಲಿ, ಕ್ಲೌಡ್ ಕಲಿ ಅಂತ ಬೆನ್ನ ಹತ್ಯಾವ. ನಾ ಯಾವ್ದ ಕಲೀಲ್ರಿ?"

"ಜಾಹೀರಾತ ನೋಡಬ್ಯಾಡ. ಈ ಮನಷ್ಯಾನ ಆ್ಯಪ್ ಎಲ್ಲಿ ಎಡವತೈತಿ ನೋಡ. ಅದನ್ನ ಕಲಿ."

ಎಲ್ಲಿ ಎಡವುತ್ತದೆಂದು ನನಗೆ ಗೊತ್ತಿತ್ತು. ಸತ್ತ ಕುರಿಯ ಫೋಟೊ ಮಾಲೀಕನ ಊರಿನ ಸೀಮೆಯೊಳಗೆ ತೆಗೆದದ್ದಾದರೆ ಮಾತ್ರ ಆ್ಯಪ್ ಒಪ್ಪುತ್ತಿತ್ತು. ಆದರೆ ನಾನು ಟೈಪ್ ಮಾಡಿದ ಕ್ಲೇಮುಗಳಲ್ಲಿ ಊರಲ್ಲೇ ಸತ್ತ ಕುರಿ ಅಪರೂಪ. ಮಂದೆಗಳು ಗೊಬ್ಬರಕ್ಕಾಗಿ ಒಂದೊಂದು ಹೊಲದಲ್ಲಿ ತಂಗುತ್ತಾ ಗಡಿ ದಾಟಿ ವಿಜಯಪುರದವರೆಗೂ ಹೋಗುತ್ತವೆ. ಮಾಡಗ್ಯಾಳದ ಕುರಿಗಾರ ಬೀರಪ್ಪನಿಗೆ ಆ್ಯಪಿನ ನಿಯಮ ಹೇಳಿದಾಗ ಅವನು ಹೊಟ್ಟೆ ಹಿಡಿದು ನಕ್ಕ: "ಕುರಿ ಏನ ಸಾಲಿ ಹುಡುಗರೇನ್ರೀ ಬಾಯಾರ, ದಿನಾ ಒಂದ ಜಾಗಾದಾಗ ಹಾಜರಿ ಕೊಡಾಕ?"

ಸೇಡಿಗೂ ಒಂದು ಪ್ರೊಸೀಜರ್ ಇದೆ. ಮೊದಲು ಸಾಹೇಬರಿಗೆ ಈಮೇಲಿನಲ್ಲಿ ಎಚ್ಚರಿಕೆ ಕೊಟ್ಟೆ. "ಟಪಾಲು ನೋಡಿಕೊಳ್ಳಿ" ಎಂದು ಉತ್ತರ ಬಂತು. ನನ್ನ ಕಾನ್ಶಿಯನ್ಸ್ ಕ್ಲಿಯರ್ ಆಯಿತು.

ನಾವು ಆರಿಸಿಕೊಂಡದ್ದು ಜಿಐಎಸ್. ಎಂದರೆ ಕಂಪ್ಯೂಟರಿನಲ್ಲಿ ನಕಾಶೆ ಮಾಡುವ ವಿದ್ಯೆ. ಟ್ರೇಸಿಂಗ್ ಪೇಪರುಗಳನ್ನು ಒಂದರ ಮೇಲೊಂದು ಇಟ್ಟಂತೆ ಗಡಿ ಒಂದು ಲೇಯರ್, ದಾರಿ ಇನ್ನೊಂದು, ಮಂದೆ ಮತ್ತೊಂದು. ಉಚಿತ ಸಾಫ್ಟ್‌ವೇರ್, ನನ್ನ ಊಟದ ಮೇಜು, ಭಾನುವಾರಗಳು. ನಕಾಶೆ ಕೈಗೆ ಹತ್ತುವವರೆಗೆ ಬೇರೆ ಯಾವ ಕೋರ್ಸಿನ ಹೆಸರನ್ನೂ ಅವಳಿಗೆ ಎತ್ತಗೊಡಲಿಲ್ಲ. ಮಂದೆ ಜಾಗ ಬದಲಿಸಿದಾಗಲೆಲ್ಲ ಬೀರಪ್ಪನೂ ಅವನ ಗೆಳೆಯರೂ ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸುತ್ತಿದ್ದರು. ಮಹಾದೇವಿ ಅದನ್ನು ನಕಾಶೆಗೆ ಏರಿಸುತ್ತಿದ್ದಳು.

ಆ ಮಳೆಗಾಲ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂತು. ಗಡಿಯಾಚೆ ಸತ್ತ ಕುರಿಗಳ ಕ್ಲೇಮುಗಳನ್ನೆಲ್ಲ ಆ್ಯಪ್ ತಿರಸ್ಕರಿಸಿತು. ಒಂದು ಬೆಳಿಗ್ಗೆ ಬೀರಪ್ಪ ಉಳಿದ ಮಂದೆಯನ್ನೇ ಆಫೀಸಿನ ಅಂಗಳಕ್ಕೆ ನುಗ್ಗಿಸಿದ. "ಊರಾಗಿಲ್ಲ ಅಂದ್ರಲ್ಲ, ತಗೋರಿ ಸಾಹೇಬ್ರ, ನಿಮ್ಮ ಬಾಗಲಿಗೇ ತಂದೇನಿ. ಈಗರ ನಿಮ್ಮ ಆ್ಯಪಿಗೆ ಕಾಣತಾವೋ ಇಲ್ಲೋ ಕೇಳ್ರಿ!"

ಪ್ರಮೋದ ಸಾಹೇಬರು ಪುಣೆಯಿಂದ ಓಡಿಬಂದರು. ಹೆಡ್ ಆಫೀಸಿನ ಡೈರೆಕ್ಟರ್ ವಿಡಿಯೊದಲ್ಲಿ ಕೂತಿದ್ದರು. ಮಹಾದೇವಿಯ ನಕಾಶೆಯನ್ನು ಪರದೆಗೆ ಹಾಕಿಸಿದೆ. ಪ್ರತಿ ಮಂದೆಯ ದಾರಿ ಅಲ್ಲಿತ್ತು. ತಿರಸ್ಕೃತ ಕ್ಲೇಮುಗಳ ಫೋಟೊ ತೆಗೆದ ಜಾಗಗಳು ಆ ದಾರಿಯ ಮೇಲೇ ಬಿದ್ದವು. "ಎಕ್ಸಲೆಂಟ್! ಯಾರು ಮಾಡಿದ್ದು?" ಎಂದರು ಡೈರೆಕ್ಟರ್.

"ನನ್ನ ಗೈಡನ್ಸಿನಲ್ಲೇ, ಸರ್," ಎಂದರು ಪ್ರಮೋದ ಸಾಹೇಬರು.

ನಾನು ಮೌಸನ್ನು ಮೆಲ್ಲಗೆ ಅವರ ಮುಂದೆ ಸರಿಸಿದೆ. "ಹಾಗಾದರೆ ಮುಂದಿನ ಲೇಯರ್ ತೆರೆಯಿರಿ, ಸರ್. ಪ್ಲೀಸ್."

ಬಾಣದ ಗುರುತು ಪರದೆಯ ತುಂಬ ಅಲೆಯಿತು. ಹೊರಗೆ ಕುರಿಗಳು ಅರಚುತ್ತಿದ್ದವು. ಯಾರೂ ನಗಲಿಲ್ಲ, ನಾನು ಮಾತ್ರ ಒಳಗೊಳಗೇ, ಮನಸಾರೆ ನಕ್ಕೆ. ಕೊನೆಗೆ ಮಹಾದೇವಿ, "ಸರೀರಿ ಸಾಹೇಬ್ರ," ಎಂದು ಮೌಸ್ ತೆಗೆದುಕೊಂಡು ಉಳಿದದ್ದೆಲ್ಲ ತೋರಿಸಿದಳು.

ಕ್ಲೇಮುಗಳು ಮಂಜೂರಾದವು. ಮಹಾದೇವಿ ಹೊಸ ನಕಾಶೆ ವಿಭಾಗದ ಮುಖ್ಯಸ್ಥೆಯಾದಳು. ಎಲ್ಲ ಮ್ಯಾನೇಜರುಗಳಿಗೂ ಅವಳ ಕೈಯಲ್ಲೇ ಟ್ರೇನಿಂಗ್ ಎಂದು ಆದೇಶ ಬಂತು. ಪ್ರಮೋದ ಸಾಹೇಬರು ಮೊದಲ ಬೆಂಚಿನಲ್ಲಿ ಕೂತದ್ದನ್ನು ಕಿಟಕಿಯಿಂದ ಕಣ್ತುಂಬ ನೋಡಿದೆ. ನನ್ನ ಬೀಳ್ಕೊಡುಗೆಯ ದಿನ ಅವರ ಕೈಗೆ ಒಂದು ಬಾಟಲಿ ನಿಂಬೆಕಾಯಿ ಉಪ್ಪಿನಕಾಯಿ ಕೊಟ್ಟೆ. "ಸ್ಕಿಲ್ ಈಸ್ ಸ್ಕಿಲ್, ಸರ್."

ಮುಂದೆ ಏನು ಕಲಿಯಲಿ ಎಂದು ಹುಡುಗಿಯರು ಈಗಲೂ ಕೇಳುತ್ತಾರೆ. ನಿನ್ನನ್ನು ಹೊರಗೆ ಹಾಕುವವನು ಯಾವುದರ ಕಡೆ ತಿರುಗಿಯೂ ನೋಡುವುದಿಲ್ಲವೋ ಅದನ್ನು ಕಲಿ ಎನ್ನುತ್ತೇನೆ. ಆಸಕ್ತಿಯಿಂದ ಕಲಿಯುವವರು ನಾಳೆಗೆ ಮುಂದೂಡುತ್ತಾರೆ. ಅವಮಾನ ನುಂಗಿದವರು ಅದೇ ಸಂಜೆ ಓದಲು ಕೂರುತ್ತಾರೆ.