ಮಲಗಿದವಳನ್ನು ಎಬ್ಬಿಸಿದ್ದು

ಕಳೆದ ವರ್ಷ ಶ್ರಾವಣದ ಎರಡನೇ ಮಂಗಳವಾರ ಬೆಳಿಗ್ಗೆ ದೊಡ್ಡವ್ವನ ಸೊಂಟದ ಕೆಳಗೆ ಹುಣ್ಣು ಕಾಣಿಸಿತು. ಮೈ ಒರೆಸುತ್ತಿದ್ದ ನನ್ನ ಹೆಂಡತಿ ಮೊದಲು ನೋಡಿದಳು. ಹಳೆಯ ರೂಪಾಯಿ ನಾಣ್ಯದಷ್ಟು ಅಗಲ. ಮೇಲಿನ ಚರ್ಮ ಹೋಗಿತ್ತು.

ದೊಡ್ಡವ್ವ ನನ್ನ ತಾಯಿಯ ಅಕ್ಕ, ಕಮಲಾಪುರದವಳು. ಎಂಬತ್ತು ದಾಟಿದೆ. ಅದಕ್ಕೆ ಆರು ವಾರ ಮೊದಲು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಶಸ್ತ್ರಚಿಕಿತ್ಸೆ ಕಲಬುರಗಿಯಲ್ಲಿ ಆಯಿತು. ತಪಾಸಣೆಗೆ ಹತ್ತಿರವಾಗಲಿ ಎಂದು ಅಲ್ಲೇ ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಇಟ್ಟುಕೊಂಡೆವು. ಊರಲ್ಲಿ ಬಾಳೆಹಣ್ಣಿನ ವ್ಯಾಪಾರ ಮಾಡುವ ಅವಳ ಮಗ, ಸೊಸೆ ಇದ್ದಾರೆ. ವಾರಕ್ಕೆರಡು ಸಲ ಬಂದು ಹೋಗುತ್ತಿದ್ದರು. ಯಾರು ಬಂದರೂ ದೊಡ್ಡವ್ವನದು ಒಂದೇ ಪ್ರಶ್ನೆ: "ನನಗ ಊರಿಗಿ ಯಾವಾಗ ಒಯ್ತೀರಿ?"

ಹುಣ್ಣು ಆಳಕ್ಕೆ ಇಳಿದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕು, ಈ ವಯಸ್ಸಿನಲ್ಲಿ ಮುಂದಿನದನ್ನು ಹೇಳಲಾಗದು ಎಂದರು ಡಾಕ್ಟರು. ಒಣಗಿದರೆ ಊರಿಗೆ ಹೋಗಬಹುದು. ಮನೆಗೇ ಬಂದು ಆರೈಕೆ ಮಾಡುವ ನರ್ಸ್ ಒಬ್ಬರನ್ನೂ ಅವರೇ ಗೊತ್ತು ಮಾಡಿಕೊಟ್ಟರು.

ನರ್ಸ್ ಮರುದಿನ ಶಹಾಬಜಾರದಿಂದ ಸ್ಕೂಟಿಯಲ್ಲಿ ಬಂದರು. ನಲವತ್ತರ ಆಸುಪಾಸು. ಮನೆಯಲ್ಲಿ ಉರ್ದು ಆಡುವವರು. ಹೊರಗೆ ನಮ್ಮದೇ ಕನ್ನಡ. ಕೈ ತೊಳೆದು ಹುಣ್ಣಿನ ಸುತ್ತ ಬೆರಳಿನಿಂದ ಒತ್ತಿ ನೋಡಿದರು. ದಿನದ ವಿವರ ಏನಾದರೂ ಬರೆದಿಟ್ಟಿದ್ದೀರಾ ಎಂದು ಕೇಳಿದರು. ಇಪ್ಪತ್ತು ವರ್ಷಗಳಿಂದ ಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ಔಷಧ, ಊಟ, ನಿದ್ದೆ ಎಲ್ಲಕ್ಕೂ ಸಮಯ ಹಾಕಿ ಬರೆದಿದ್ದೆ. ನೋಟ್‌ಬುಕ್ಕನ್ನು ಸ್ವಲ್ಪ ಹೆಮ್ಮೆಯಿಂದಲೇ ಕೊಟ್ಟೆ. ಅವರು ನಿಂತುಕೊಂಡೇ ಓದಿದರು.

"ಇದು ಯಾರು ಬರದಾರ್ರಿ?"

"ನಾನೇ."

"ನಿನ್ನಿ ಮಧ್ಯಾಹ್ನ ಒಂದರಿಂದ ಐದು, ಚೊಲೋ ನಿದ್ದಿ. ಮೊನ್ನಿ, ಚೊಲೋ ನಿದ್ದಿ. ಆಚಿ ಮೊನ್ನಿ ಐದೂವರಿ ತನಕ, ಚೊಲೋ ನಿದ್ದಿ." ಪುಟ ತಿರುವಿದರು. "ಸರ್, ಇದರಾಗ ಹೊರಳಿಸಿದ್ದು ಎಲ್ಲದ?"

"ಮಲಗಿರ್ತಾರಲ್ರಿ, ಹ್ಯಾಂಗ ಎಬ್ಬಸೋದು?" ಎಂದಳು ನನ್ನ ಹೆಂಡತಿ.

"ಅದಕ್ಕೇ ಹಿಂಗಾಗ್ಯಾದ ನೋಡ್ರಿ."

ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಎಂದು ಆಸ್ಪತ್ರೆಯಿಂದ ಕಳಿಸುವಾಗ ಹೇಳಿದ್ದರು. ಎಚ್ಚರವಿದ್ದಾಗ ಬದಲಿಸುತ್ತಿದ್ದೆವು. ಮಲಗಿದ್ದಾಗ ಇಲ್ಲ. ಹಿರಿಯರನ್ನು ನಿದ್ದೆಯಿಂದ ಎಬ್ಬಿಸುವುದು ನಮ್ಮ ಮನೆತನದಲ್ಲಿ ಪದ್ಧತಿಯಲ್ಲ. ಕಮಲಾಪುರದಲ್ಲಿ ದೊಡ್ಡಪ್ಪ ಊಟ ಮಾಡಿ ಅಡ್ಡಾದರೆ ಬಂದ ಬೀಗರೂ ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದರು. ಅದೇ ರೂಢಿಯಲ್ಲಿ ನನ್ನ ಹೆಂಡತಿ ದೊಡ್ಡವ್ವ ಮಲಗಿದ ಹೊತ್ತಿನಲ್ಲಿ ಕುಕ್ಕರ್ ಇಡುತ್ತಿರಲಿಲ್ಲ. ಬಾಗಿಲಿನ ಬೆಲ್ಲನ್ನು ನಾನೇ ಬಿಚ್ಚಿಟ್ಟಿದ್ದೆ. ನೋಡಲು ಬಂದವರು ಇದನ್ನೆಲ್ಲ ಮೆಚ್ಚಿ ಹೋಗುತ್ತಿದ್ದರು. ನಾಲ್ಕು ತಾಸು ಅಂಗಾತ ಮಲಗಿದವಳ ಭಾರವೆಲ್ಲ ಒಂದೇ ಜಾಗದ ಮೇಲೆ ಬೀಳುತ್ತಿತ್ತು.

ಮೊಣಕಾಲುಗಳ ನಡುವೆ ದಿಂಬು ಇಡುವುದು, ಮೈ ಎಳೆಯದೆ ಕೆಳಗಿನ ಚಾದರ ಹಿಡಿದು ಹೊರಳಿಸುವುದು, ಎಲ್ಲವನ್ನೂ ನರ್ಸ್ ಮಾಡಿ ತೋರಿಸಿದರು. ಗಾಳಿ ಹಾಸಿಗೆ ತರಿಸಿದರು. "ಗಾಳಿ ಹಾಸಗಿ ಬಂತಂತ ಹೊರಳಿಸೋದು ಬಿಟ್ಟೀರಿ ಮತ್ತ" ಎಂದು ಎಚ್ಚರಿಸಿದರು. ಮಧ್ಯಾಹ್ನ ಮೂರು ಗಂಟೆಗೆ ತಾವೇ ಮಲಗಿದ್ದ ದೊಡ್ಡವ್ವನ ಭುಜ ಮುಟ್ಟಿದರು. ಅವಳು ಕಣ್ಣು ಬಿಟ್ಟಳು.

"ಯಾಕ, ಮನಿಗಿ ಬೆಂಕಿ ಬಿದ್ದದೇನ?"

"ಇಲ್ಲ ಆಯಿ. ಮಗ್ಗಲಾ ಬದಲಿ ಮಾಡಬೇಕಾಗ್ಯಾದ."

"ನಿಮ್ಮ ಮನ್ಯಾಗ ಮಲಗಿದವರಿಗಿ ಹಿಂಗೇ ಎಬ್ಬಸ್ತಾರೇನ?"

"ನಮ್ಮತ್ತಿಗಿ ದಿನಾ ಎಬ್ಬಸ್ತೀನಿ. ಬೈತಾಳ. ಬೈಲಿ, ಬೈದ್ರ ಹುಣ್ಣಾಗಂಗಿಲ್ಲ."

ದೊಡ್ಡವ್ವ ನಗಲಿಲ್ಲ. ಎರಡು ದಿನ ಮಂಚದ ಪಟ್ಟಿ ಬಿಗಿಯಾಗಿ ಹಿಡಿದು, ಹೊರಳಿಸಲು ಕೊಡಲಿಲ್ಲ. ಮೂರನೇ ದಿನ ನರ್ಸ್ ಬೇರೆ ರೀತಿ ಕೇಳಿದರು: "ಆಯಿ, ನಿಮ್ಮ ಊರಾಗ ಮಲಗಿದಾಗ ಯಾತಕ್ಕರ ಏಳ್ತಿದ್ರೋ ಇಲ್ಲೋ?"

"ಯಾರರ ಸುದ್ದಿ ತಂದ್ರ ಏಳ್ತಿದ್ದೆ."

ನರ್ಸ್ ನನ್ನ ಕಡೆ ತಿರುಗಿದರು. "ಸರ್, ನೀವು ಪೇಪರ್‌ನವರಲ್ಲೇನ್ರಿ?"

ಅಂದಿನಿಂದ ಹಗಲಿನ ಪ್ರತಿ ಮಗ್ಗಲಿಗೆ ಕಮಲಾಪುರದ ಒಂದು ಸುದ್ದಿ. ನನ್ನ ಪಾಳಿ ಸಂಜೆಯದು, ಹಗಲು ಮನೆಯಲ್ಲಿರುತ್ತಿದ್ದೆ. ಬೆಳಿಗ್ಗೆ ಅವಳ ಮಗನಿಗೆ ಫೋನ್ ಮಾಡಿ ನಾಲ್ಕೈದು ವಿಷಯ ಬರೆದುಕೊಳ್ಳುತ್ತಿದ್ದೆ: ಯಾರ ಮನೆಯಲ್ಲಿ ಕೂಸು ಹುಟ್ಟಿತು, ಕೆಂಪು ಬಾಳೆಯ ಗೊನೆ ಎಷ್ಟು ಬಂತು, ಯಾವ ಓಣಿಗೆ ನೀರು ಬರಲಿಲ್ಲ. "ದೊಡ್ಡವ್ವ, ಊರಿಂದ ಸುದ್ದಿ ಬಂದದ" ಎಂದರೆ ಕಣ್ಣು ಬಿಡುತ್ತಿದ್ದಳು. ಕೇಳುತ್ತಾ ಕೇಳುತ್ತಾ ಪಟ್ಟಿ ಬಿಟ್ಟು, ಮೈ ನಮ್ಮ ಕೈಗೆ ಕೊಡುತ್ತಿದ್ದಳು. ರಾತ್ರಿ ಸುದ್ದಿ ಕೇಳುವಷ್ಟು ಎಚ್ಚರ ಇರುತ್ತಿರಲಿಲ್ಲ. ನಾನೂ ಹೆಂಡತಿಯೂ ಸರದಿಯಲ್ಲಿ ಎದ್ದು ಸುಮ್ಮನೆ ಹೊರಳಿಸುತ್ತಿದ್ದೆವು.

ಒಂದು ದಿನ ಮಗ ಫೋನ್ ಎತ್ತಲಿಲ್ಲ. ನಾನು ಒಂದು ಸುದ್ದಿ ಕಟ್ಟಿದೆ.

"ಹಿಂದಿನ ಮನಿಯವರ ಎಮ್ಮಿ ಈದದಂತ, ದೊಡ್ಡವ್ವ."

"ಆ ಎಮ್ಮಿ ಮಾರಿ ಎರಡು ವರ್ಷ ಆತು. ಪೇಪರ್‌ನ್ಯಾಗೂ ಹಿಂಗೇ ಬರೀತೀಯೇನ?"

ಡ್ರೆಸ್ಸಿಂಗ್ ಮಾಡುತ್ತಿದ್ದ ನರ್ಸ್ ಮುಖ ತಿರುಗಿಸಿ ನಕ್ಕರು. ಆಮೇಲೆ ಖಚಿತಪಡಿಸಿಕೊಳ್ಳದ ಸುದ್ದಿ ಹೇಳಲಿಲ್ಲ.

ನರ್ಸ್ ವಾರಕ್ಕೆ ಮೂರು ದಿನ ಬರುತ್ತಿದ್ದರು. ಸೋಮವಾರ ಕಾಗದದ ಪಟ್ಟಿ ಹಿಡಿದು ಹುಣ್ಣು ಅಳೆಯುತ್ತಿದ್ದರು. ನಡುವೆ ಎರಡು ವಾರ ಅಳತೆ ಬದಲಾಗಲಿಲ್ಲ. ಆ ಎರಡು ವಾರ ದೊಡ್ಡವ್ವ ಊರಿನ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಳು. ನವರಾತ್ರಿಯ ಹೊತ್ತಿಗೆ ಹುಣ್ಣು ತೊಗರಿಬೇಳೆಯಷ್ಟು ಉಳಿಯಿತು. ಸೀಗಿ ಹುಣ್ಣಿಮೆಯ ವಾರ ಮುಚ್ಚಿತು.

ಡಾಕ್ಟರಿಗೆ ಕೊಡಲು ನರ್ಸ್ ಬರೆದ ವರದಿಯನ್ನು ನಾನೇ ಒಯ್ದೆ. ಹುಣ್ಣು ಹೇಗೆ ಆಯಿತು ಎಂಬುದಕ್ಕೆ ಅದರಲ್ಲಿ ಒಂದೇ ಸಾಲು: ಬಹಳ ದಿನ ಹಾಸಿಗೆಯಲ್ಲಿದ್ದ ಕಾರಣ. ಕೊನೆಗೆ, ಮನೆಯವರ ಆರೈಕೆ ಚೆನ್ನಾಗಿದೆ. ಅವರು ಏನನ್ನು ಬರೆಯದೆ ಬಿಟ್ಟಿದ್ದಾರೆ ಎಂದು ನನಗೆ ಗೊತ್ತಿತ್ತು. ದೊಡ್ಡವ್ವನ ಎದುರಿಗೂ ಅವರು ನಮ್ಮನ್ನು ಒಂದು ದಿನ ದೂರಲಿಲ್ಲ. ಆ ಋಣ ನಮ್ಮ ಮೇಲಿದೆ.

ದೀಪಾವಳಿಗೆ ಮುಂಚೆ ದೊಡ್ಡವ್ವನನ್ನು ಕಾರಿನಲ್ಲಿ ಕಮಲಾಪುರಕ್ಕೆ ಕರೆದೊಯ್ದೆವು. ಅಂದು ನರ್ಸ್‌ಗೆ ರಜೆ. ಆದರೂ ಸೊಸೆಗೆ ಕಲಿಸಿ ಬರುತ್ತೇನೆ ಎಂದು ಜೊತೆಗೆ ಹೊರಟರು. ಅಲ್ಲಿ ಮಗನನ್ನೇ ಮಂಚದ ಮೇಲೆ ಮಲಗಿಸಿ ಸೊಸೆಯ ಕೈಯಿಂದ ಹೊರಳಿಸಿದರು.

"ಅವನಿಗಿ ಎಬ್ಬಸೋದು ನಾಕು ಮಂದಿ ಕೆಲಸ ತಂಗಿ" ಎಂದಳು ಕುರ್ಚಿಯಲ್ಲಿ ಕುಳಿತಿದ್ದ ದೊಡ್ಡವ್ವ. "ನನಗೇ ಮಲಗಸ್ರಿ, ಹಗುರ ಅದೀನಿ."

ನರ್ಸ್ ಊಟಕ್ಕೆ ನಿಲ್ಲಲಿಲ್ಲ. ಶಹಾಬಜಾರದಲ್ಲಿ ಇನ್ನೊಬ್ಬ ಅಜ್ಜನನ್ನು ನೋಡಬೇಕಿತ್ತು.

ಕಳೆದ ಗುರುವಾರ ಬೆಳಿಗ್ಗೆ ದೊಡ್ಡವ್ವ ವಾಕರ್ ಹಿಡಿದು, ಸೊಸೆ ಪಕ್ಕದಲ್ಲಿರುವಾಗ, ತನ್ನ ಕೋಣೆಯಿಂದ ಹಿತ್ತಲ ಬಾಗಿಲಿನವರೆಗೆ ನಡೆದು ಹೋಗಿ ಬಂದಳು.