ಲೀಮರ್‌ಗಳ ಗೋತ್ರ

ತೊಂಬತ್ತರ ದಶಕದಲ್ಲಿ ನಾನು ಮೆಲ್ಬರ್ನ್‌ನ ಒಂದು ಲ್ಯಾಬಿನಲ್ಲಿ ಲೀಮರ್‌ಗಳ ಡಿಎನ್‌ಎ ನೋಡುತ್ತಿದ್ದೆ. ಲೀಮರ್ ಅಂದರೆ ಮಡಗಾಸ್ಕರ್ ಕಾಡಿನ ಪ್ರಾಣಿ, ಕೋತಿಗೆ ದೂರದ ನೆಂಟ. ಒಮ್ಮೆ ಮಡಗಾಸ್ಕರ್‌ನಿಂದ ಮರಳುವಾಗ ಸಿಡ್ನಿ ಏರ್‌ಪೋರ್ಟಿನ ಕ್ವಾರಂಟೀನ್ ಕೌಂಟರಿನಲ್ಲಿ ನನ್ನ ಡಬ್ಬಿ ತೆರೆಸಿದರು.

“ಇದೇನು?” ಎಂದಳು ಅಲ್ಲಿದ್ದ ಆಫೀಸರಮ್ಮ.

“ಲೀಮರ್ ಹಿಕ್ಕೆ. ಎಪ್ಪತ್ತು ಟ್ಯೂಬು.”

ಆಕೆ ಕೈಯಲ್ಲಿದ್ದ ಟ್ಯೂಬನ್ನು ಬಹಳ ಮರ್ಯಾದೆಯಿಂದ ಕೆಳಗಿಟ್ಟಳು. “ಪರ್ಮಿಟ್ ಇಲ್ಲದಿದ್ದರೆ ಎಲ್ಲಾ ಸುಟ್ಟುಹಾಕಬೇಕಾಗುತ್ತೆ.”

ಎರಡು ತಿಂಗಳು ಜಿಗಣೆಗಳಿಂದ ಕಚ್ಚಿಸಿಕೊಂಡು ಹೆಕ್ಕಿದ ಹಿಕ್ಕೆ! ನೆಲದ ಮೇಲೆ ಕೂತು ಸೂಟ್‌ಕೇಸ್ ಕೆದಕತೊಡಗಿದೆ. ಕೊಳೆ ಬನಿಯನ್‌ಗಳು ಸುತ್ತಲೂ ಹರಡಿದವು.

“ಇದರಲ್ಲಿ ಅಂಥದ್ದೇನಿದೆ?” ಆಕೆ ಬಗ್ಗಿ ಕೇಳಿದಳು.

ಹುಡುಕುತ್ತಲೇ ಹೇಳಿದೆ: “ಕಾಡು ಕಡಿದು ಕಡಿದು ಚೂರುಚೂರಾಗಿದೆ. ಒಂದೊಂದು ಚೂರಿನಲ್ಲಿ ಸಿಕ್ಕಿಕೊಂಡ ಲೀಮರ್‌ಗಳು ತಮ್ಮತಮ್ಮಲ್ಲೇ ಕೂಡಿ ಎಲ್ಲಾ ಒಂದೇ ಥರ ಆಗಿಬಿಟ್ಟರೆ, ಒಂದು ಕಾಯಿಲೆ ಬಂದರೆ ಸಾಕು, ಗುಂಪೇ ಹೋಗಬಹುದು. ಯಾವ ಕಾಡಿನದು ಯಾವುದಕ್ಕೆ ಹತ್ತಿರದ ನೆಂಟ ಅಂತ ಹಿಕ್ಕೆಯಲ್ಲಿರೋ ಡಿಎನ್‌ಎ ಹೇಳುತ್ತೆ. ಮೈಸೂರಲ್ಲಿ ನಮ್ಮಜ್ಜಿ ಮದುವೆಗೆ ಮುಂಚೆ, ಇಬ್ಬರೂ ಒಂದೇ ವಂಶದವರಾಗಬಾರದು ಅಂತ, ಗೋತ್ರ ಕೇಳ್ತಾರೆ. ಲೀಮರ್‌ಗಳ ಪರವಾಗಿ ಅದನ್ನ ನಾನು ಕೇಳ್ತೀನಿ.”

ಅಷ್ಟರಲ್ಲಿ ಟೂತ್‌ಪೇಸ್ಟ್ ಮೆತ್ತಿಕೊಂಡ ಪರ್ಮಿಟ್ ಕೈಗೆ ಸಿಕ್ಕಿತು. ಆಕೆ ಅದನ್ನು ಒರೆಸಿ ಓದಿ, ಸೀಲ್ ಒತ್ತಿ, ಜೋರಾಗಿ ನಕ್ಕಳು.

“ನಮ್ಮೂರು ಪುಟ್ಟದು, ಎಲ್ಲರೂ ಕಸಿನ್ಸೇ. ನನಗೂ ಒಬ್ಬನನ್ನ ಹುಡುಕಿಕೊಡಿ!”

ಆಗ ನನಗೂ ಮದುವೆಯಾಗಿರಲಿಲ್ಲ. ಆದರೆ ಎಪ್ಪತ್ತು ಟ್ಯೂಬು ಹಿಕ್ಕೆಯನ್ನು ಎದೆಗೊತ್ತಿಕೊಂಡು ನಿಂತವನು ಆ ಮಾತು ಎತ್ತುವುದಾದರೂ ಹೇಗೆ?