ಅಗ್ಗದ ಗಿಟಾರಿನ ಧೈರ್ಯ

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನನಗೆ ಕರೆಂಟೆಂದರೆ ಭಯ. ಈ ಎರಡು ಮಾತುಗಳನ್ನು ಒಟ್ಟಿಗೆ ಹೇಳಿದರೆ ಜನ ನಗುತ್ತಾರೆ. ಆದರೆ ನೀವೇ ಯೋಚಿಸಿ. ಏನೂ ತಿಳಿಯದವನಿಗೆ ಸ್ವಿಚ್ಚೆಂದರೆ ಬರೀ ಸ್ವಿಚ್ಚು. ನನಗೆ ಅದರ ಹಿಂದಿನ ತಂತಿ ಕಾಣುತ್ತದೆ, ತಂತಿಯ ಮೇಲೆ ಸವೆದ ರಬ್ಬರು ಕಾಣುತ್ತದೆ, ನನ್ನ ಒದ್ದೆ ಕೈ ಕಾಣುತ್ತದೆ. ನಲವತ್ತು ದಾಟಿದ ಮೇಲೆ ಇಂಥ ಮನುಷ್ಯ ಹವ್ಯಾಸಕ್ಕೆಂದು ಆರಿಸಿಕೊಂಡದ್ದು ಎಲೆಕ್ಟ್ರಿಕ್ ಗಿಟಾರನ್ನು.

ತಪ್ಪು ನನ್ನದಲ್ಲ, ಬಸಣ್ಣನದು. ಬಸಣ್ಣ ನನ್ನ ಸಾಲೆಯ ಗೆಳೆಯ, ಸಿರುಗುಪ್ಪದಲ್ಲಿ ಭತ್ತದ ಬೀಜದ ಅಂಗಡಿ ಇಟ್ಟಿದ್ದಾನೆ. ಹಳೆಯ ಸಿನಿಮಾ ಹಾಡುಗಳನ್ನು ತಾನು ಹಾಡಬೇಕು, ನಾನು ಪಕ್ಕದಲ್ಲಿ ನುಡಿಸಬೇಕು ಎಂಬುದು ಅವನ ಆಸೆ. ಅದಕ್ಕಾಗಿ ನಾನೊಂದು ಇಂಡೋನೇಷ್ಯಾದ ಗಿಟಾರು ತರಿಸಿಕೊಂಡೆ. ಕೆಂಪು ಬಣ್ಣ, ಹಗುರ ಮೈ. ಅದು ಬಂದ ವಾರ ಕಂಟೋನ್ಮೆಂಟಿನ ನಮ್ಮ ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೂ ಸಂಗೀತ ಬಂದಂತಿತ್ತು. ನನ್ನ ಹೆಂಡತಿ ಸರೋಜಾ ಮಾತ್ರ, “ರೀ, ಅದು ಕೊಂಯ್ ಅಂತೈತಲ್ಲ, ಕೆಟ್ಟೈತೇನು?” ಎಂದು ಕೇಳಿದಳು. ಕೆಟ್ಟಿರಲಿಲ್ಲ. ಟ್ಯೂಬ್‌ಲೈಟಿನ ಹತ್ತಿರ ಹೋದರೆ ಅದು ಹಾಗೆ ಗುಂಯ್‌ಗುಡುತ್ತಿತ್ತು, ಅಷ್ಟೆ.

ಆಮೇಲೆ ಬಸಣ್ಣ ಹೈದರಾಬಾದಿನ ಒಬ್ಬ ವಾದಕರಿಂದ ಅಮೆರಿಕದಲ್ಲೇ ತಯಾರಾದ ಗಿಟಾರು ಕೊಂಡು ತಂದ. ಆಕಾರ ನನ್ನದರದ್ದೇ, ದೂರದಿಂದ ನೋಡಿದರೆ ಅಣ್ಣತಮ್ಮಂದಿರು. ಎರಡನ್ನೂ ಹೋಲಿಸಿ ನೋಡೋಣವೆಂದು ಕರೆದ. ಹೋದೆ. ನಾನು ಕೈ ಚಾಚಿದೊಡನೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಲೇ ವೀರೇಶ, ಬೆಲ್ಟ್ ಬಿಚ್ಚು. ಬಕಲ್ ತಾಗಿದ್ರ ಗೀರು ಬೀಳತೈತಿ. ಉಂಗುರಾನೂ ತಗಿ.”

ಬೆಲ್ಟು ಬಿಚ್ಚಿ, ಉಂಗುರ ತೆಗೆದು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಕುಳಿತ ಮನುಷ್ಯ ಯಾವ ರಾಗ ನುಡಿಸಿಯಾನು? ಆದರೂ ವ್ಯತ್ಯಾಸ ಬೆರಳಿಗೆ ತಕ್ಷಣ ತಿಳಿಯಿತು. ನಮ್ಮ ಬಳ್ಳಾರಿಯ ಬೇಸಿಗೆಗೆ ಮರ ಒಣಗಿ ಕುಗ್ಗುತ್ತದೆ. ಗಿಟಾರಿನ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು ಮಾತ್ರ ಕುಗ್ಗುವುದಿಲ್ಲ. ನನ್ನದರಲ್ಲಿ ಅವುಗಳ ತುದಿಗಳು ಹೊರಗೆ ಇಣುಕಿ, ಬೆರಳು ಜಾರಿಸಿದರೆ ಮೀನಿನ ಮುಳ್ಳಿನಂತೆ ಚುಚ್ಚುತ್ತಿದ್ದವು. ಅವನದರ ಅಂಚು ಬಹಳ ದಿನ ಬಳಸಿದ ಲಟ್ಟಣಿಗೆಯಷ್ಟು ನಯ. ನನ್ನದರ ಕಿವಿ ತಿರುಗಿಸಿ ಶ್ರುತಿ ಮಾಡಿದರೆ ಹಾಡು ಮುಗಿಯುವುದರೊಳಗೆ ಶ್ರುತಿ ಮನೆಬಿಟ್ಟು ಹೋಗಿರುತ್ತಿತ್ತು. ಅವನದು ಮರುದಿನವೂ ಹೇಳಿದ ಮಾತಿಗೆ ನಿಂತಿರುತ್ತಿತ್ತು.

ಆದರೆ ನಾದ? ನನ್ನ ಜೊತೆ ಬಂದಿದ್ದ ಸರೋಜಾಳನ್ನು ಗೋಡೆಯ ಕಡೆ ಮುಖಮಾಡಿ ಕೂರಿಸಿ ಎರಡನ್ನೂ ನುಡಿಸಿದೆವು. ಮೊದಲ ಸಲ ನನ್ನದನ್ನು “ಇದು ಛಲೋ ಐತಿ” ಎಂದಳು. ಎರಡನೆಯ ಸಲ ಬಸಣ್ಣನದನ್ನು ಮೆಚ್ಚಿದಳು. ಮೂರನೆಯ ಸಲ, “ಎರಡೂ ಒಂದ ಅದಾವ, ನನಗ ಕುತ್ತಿಗಿ ನೋಯಾಕ ಹತ್ತೈತಿ” ಎಂದು ಎದ್ದುಬಿಟ್ಟಳು. ಬಸಣ್ಣನ ಮುಖ ಇಳಿಯಿತು. ಈಗ ಮರ ಕೊರೆಯುವುದು ಎಲ್ಲ ದೇಶಗಳಲ್ಲೂ ಯಂತ್ರವೇ, ಕೊನೆಯಲ್ಲಿ ಉಜ್ಜಿ ನಯಮಾಡುವ ಕೈಗೆ ಎಷ್ಟು ಬಿಡುವು ಕೊಡುತ್ತಾರೆ ಎಂಬುದರಲ್ಲೇ ಹೆಚ್ಚಿನ ವ್ಯತ್ಯಾಸ ಎಂದು ನಾನು ಸಮಾಧಾನ ಹೇಳಿದೆ. ಮೇಷ್ಟರ ಸಮಾಧಾನ ಯಾರಿಗೆ ಬೇಕು?

ಆ ಚೈತ್ರದಲ್ಲಿ ಬಸಣ್ಣನ ಅಕ್ಕ ಗಂಗಮ್ಮನವರು ಕುರುಗೋಡಿನಲ್ಲಿ ಮನೆ ಕಟ್ಟಿಸಿದರು. ಗೃಹಪ್ರವೇಶದ ದಿನ ಊಟಕ್ಕೆ ಮುಂಚೆ ನಮ್ಮಿಬ್ಬರ ಕಾರ್ಯಕ್ರಮ. ಬೆಳಿಗ್ಗೆಯೇ ಹೋದೆವು. ಪೂಜೆಗೆಂದು ಅಂಗಳವನ್ನೆಲ್ಲ ತೊಳೆದಿದ್ದರು, ಚಪ್ಪಲಿ ಹೊರಗೆ. ಪೆಂಡಾಲಿನ ಕೆಳಗೆ ಎರಡು ಮಂಚ ಜೋಡಿಸಿ ವೇದಿಕೆ ಮಾಡಿದ್ದರು. ಮೈಕಿನ ವಯರು ಪಕ್ಕದ ಮನೆಯಿಂದ ಬಂದಿತ್ತು. ನಮ್ಮ ಗಿಟಾರುಗಳ ಆಂಪ್ಲಿಫೈಯರಿಗೆ ಮಾತ್ರ ಹೊಸ ಮನೆಯ ಕಿಟಕಿಯಿಂದ ಒಂದು ವಯರು ಇಳಿಬಿಟ್ಟಿದ್ದರು. ವೈರಿಂಗು ಇನ್ನೂ ಪೂರ್ತಿಯಾಗಿರಲಿಲ್ಲ.

“ಅಕ್ಕಾರ, ಅರ್ತಿಂಗ್ ಮಾಡಿಸೀರೇನ್ರಿ?” ಎಂದು ಗಂಗಮ್ಮನವರನ್ನು ಕೇಳಿದೆ.

“ಎಲ್ಲಾ ಮಾಡೇವಪಾ, ನೀ ಮೊದ್ಲ ಉಪ್ಪಿಟ್ಟು ತಿನ್ನು” ಎಂದರು. ಅವರ ಮಟ್ಟಿಗೆ ಅದೂ ಒಂದು ಪೂಜೆ, ಮಾಡಿರಲೇಬೇಕು.

ಬಸಣ್ಣ ಎಲ್ಲರೆದುರು ನಕ್ಕ. “ಕಾಲೇಜಿನಾಗ ಕರೆಂಟ್ ಪಾಠ ಹೇಳ್ತಾನ, ಮನ್ಯಾಗ ಬಲ್ಬ್ ಹಾಕಾಕ ಹೆಂಡ್ತಿನ್ನ ಕರೀತಾನ.” ಮಾತು ನಿಜವೇ ಆದ್ದರಿಂದ ನಾನೂ ನಕ್ಕೆ.

ನಾನು ಮಂಚದ ಪಕ್ಕ ನೆಲದಲ್ಲಿ, ಒದ್ದೆ ಜಮಖಾನದ ಮೇಲೆ ಬರಿಗಾಲೂರಿ ಕುರ್ಚಿಯಲ್ಲಿ ಕುಳಿತೆ. ಬಸಣ್ಣ ತನ್ನ ಅಮೆರಿಕದ ಗಿಟಾರನ್ನು ಕೊರಳಿಗೆ ಹಾಕಿಕೊಂಡು ಮಂಚದ ಮೇಲೆ ನಿಂತ. ಎರಡೂ ಗಿಟಾರು ಒಂದೇ ಆಂಪ್ಲಿಫೈಯರಿಗೆ. ನಾನು ಮೊದಲ ತಂತಿ ಮುಟ್ಟಿದೊಡನೆ ಬೆರಳಲ್ಲಿ ಚುಮುಚುಮು ಎಂದಿತು. ಜೀವನವಿಡೀ ಹೆದರಿದವನಿಗೆ ಇದೊಂದು ತೊಂದರೆ ನೋಡಿ: ನಿಜವಾದ ಅಪಾಯ ಬಂದು ಬೆರಳು ಹಿಡಿದರೂ, ಇದು ನನ್ನ ಎಂದಿನ ಅಂಜಿಕೆಯೇ ಇರಬೇಕು ಎಂದುಕೊಂಡು ನುಡಿಸುತ್ತಾ ಹೋದೆ.

ಬಸಣ್ಣ ಕಣ್ಣುಮುಚ್ಚಿ, ಎಡಗೈಯಲ್ಲಿ ತಂತಿಗಳನ್ನು ಒತ್ತಿ, ಮೈಕಿಗೆ ಬಾಯಿ ಹತ್ತಿರ ತಂದ. ಹಾಡಿನ ಮೊದಲ ಅಕ್ಷರ ಬರಲಿಲ್ಲ. ಅವನ ತುಟಿ ಮೈಕಿಗೆ ಅಂಟಿತು. ಬೆರಳುಗಳು ತಂತಿಯ ಮೇಲೆ ಮುಷ್ಟಿಯಾದವು, ಕೊರಳಿನ ನರ ಹಗ್ಗದಂತೆ ಎದ್ದಿತು. ಮುಂದೆ ಕುಳಿತವರು ರಾಗಾಲಾಪನೆಗೆ ಉಸಿರು ಬಿಗಿಹಿಡಿದಿದ್ದಾನೆಂದು ತಿಳಿದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಈಗಲೂ ನನ್ನ ಕಿವಿಯಲ್ಲಿದೆ.

ಅವನನ್ನು ಮುಟ್ಟಬಾರದು ಎಂದು ಗೊತ್ತಿತ್ತು. ಸ್ವಿಚ್ಚು ಕಿಟಕಿಯ ಆಚೆ ಎಲ್ಲೋ ಇತ್ತು. ನಾನು ಎದ್ದ ರಭಸಕ್ಕೆ ನನ್ನ ಗಿಟಾರಿನ ವಯರು ಕಿತ್ತುಬಂತು. ಗಿಟಾರಿನ ಕುತ್ತಿಗೆಯನ್ನು ಎರಡೂ ಕೈಯಿಂದ ಹಿಡಿದು, ಬ್ಯಾಟಿನಂತೆ ಬೀಸಿ ಮೈಕಿನ ಕಂಬಿಗೆ ಹೊಡೆದೆ. ಮೈಕು ಹಾರಿ ಬಿತ್ತು. ಬಸಣ್ಣ ಮಂಚದ ಮೇಲೆ ಕುಸಿದ. “ಮೇನ್ ತೆಗೀರಿ! ಮೇನ್!” ಎಂದು ಕೂಗಿದ್ದು ನಾನೇ ಎಂದು ಆಮೇಲೆ ಸರೋಜಾ ಹೇಳಿದಳು. ನನಗೆ ನೆನಪಿರುವುದು ಇಷ್ಟೇ: ಅವನ ಎದೆ ಏಳುತ್ತದೋ ಇಲ್ಲವೋ ಎಂದು ನೋಡುತ್ತ ನಿಂತಿದ್ದೆ, ಅದು ಏಳಲು ಒಂದು ಯುಗ ಹಿಡಿಯಿತು.

ಕಾರಿನಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಓಡಿದೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ತುಟಿ ಬೆಳ್ಳಗೆ ಸುಟ್ಟಿತ್ತು. ಸುಮಾರು ದಾರಿ ಸಾಗಿದ ಮೇಲೆ ಕಣ್ಣು ಬಿಟ್ಟು, “ಗಿಟಾರಿಗೆ ಏನಾತು?” ಎಂದ.

“ಮುರೀತು.”

ಅವನ ಕಣ್ಣುಗಳು ಅಗಲವಾದವು. “ಯಾವುದು?”

“ನಂದು.”

ಅವನು ಮತ್ತೆ ಕಣ್ಣು ಮುಚ್ಚಿದ. ಆ ಮುಖದಲ್ಲಿ ನೆಮ್ಮದಿ ಕಂಡಾಗ ನನಗೆ ಸಿಟ್ಟು ಬರಲಿಲ್ಲ. ಇವನು ಬದುಕುತ್ತಾನೆ ಎಂಬ ನಂಬಿಕೆ ಬಂತು. ವೈದ್ಯರು ಎದೆಯ ಬಡಿತ ಪರೀಕ್ಷಿಸಿ, ಒಂದು ದಿನ ಇರಿಸಿಕೊಂಡು ಕಳಿಸಿದರು.

ಆಂಪ್ಲಿಫೈಯರಿನೊಳಗೆ ಕರೆಂಟು ಸೋರುತ್ತಿತ್ತು. ಅದನ್ನು ನೆಲಕ್ಕಿಳಿಸಬೇಕಾದ ಅರ್ತಿಂಗ್ ತಂತಿಯೇ ಹೊಸ ಮನೆಯ ಲೈನಿನಲ್ಲಿ ಇರಲಿಲ್ಲ. ಸೋರಿದ್ದು ಎರಡೂ ಗಿಟಾರಿನ ತಂತಿಗಳಿಗೆ ಸಮನಾಗಿ ಹರಿದಿತ್ತು. ಪಕ್ಕದ ಮನೆಯಿಂದ ಬಂದ ಮೈಕಿಗೆ ಮಾತ್ರ ಅರ್ತಿಂಗ್ ಇತ್ತು, ಬಸಣ್ಣನ ತುಟಿ ಅದಕ್ಕೆ ತಾಗಿದೊಡನೆ ಅವನ ಮೈಯೇ ಕರೆಂಟಿಗೆ ದಾರಿಯಾಯಿತು. ಅದನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಬಲ್ಲೆ. ವಿವರಿಸಲಾಗದ್ದು ಬೇರೆ ಇದೆ. ನಾನು ಹೊಡೆಯುವಾಗ ಕೈಯಲ್ಲಿದ್ದದ್ದು ಮುಳ್ಳು ಚುಚ್ಚುವ, ಶ್ರುತಿ ನಿಲ್ಲದ, ಅಗ್ಗದ ಗಿಟಾರು. ಕೈ ತಡವರಿಸಲಿಲ್ಲ. ಅದೇ ಜಾಗದಲ್ಲಿ ಆ ಅಮೆರಿಕದ್ದು ಇದ್ದಿದ್ದರೆ? ಅರೆಗಳಿಗೆ ಯೋಚಿಸುತ್ತಿದ್ದೆನೆ? ಕರೆಂಟಿನ ಭಯಕ್ಕೆ ರಬ್ಬರಿನ ಚಪ್ಪಲಿಯಿದೆ. ಈ ಪ್ರಶ್ನೆಯ ಭಯಕ್ಕೆ ಏನು ಹಾಕಿಕೊಳ್ಳಲಿ?

ತುಟಿಯ ಗಾಯ ಮಾಯ್ದ ಮೇಲೆ ಬಸಣ್ಣ ನಮ್ಮ ಮನೆಗೆ ಬಂದ. ಅಮೆರಿಕದ ಗಿಟಾರನ್ನು ಪೆಟ್ಟಿಗೆ ಸಮೇತ ನನ್ನ ಮುಂದಿಟ್ಟು, “ಇದು ಇನ್ನ ಮ್ಯಾಲೆ ನಿಂದು” ಎಂದ. ಬೇಡವೆಂದೆ. ಬೇಡವೆಂದದ್ದಕ್ಕೆ ಕಾರಣವನ್ನೂ ಹೇಳಿದೆ. ಅವನು ಪೆಟ್ಟಿಗೆಯ ಮುಚ್ಚಳ ತೆರೆದು ಕೇಳಿದ:

“ನೀ ಮೈಕಿಗೆ ಅಂಟಿ, ನನ್ನ ಕೈಯಾಗ ಇದು ಇದ್ದಿದ್ರ?”

“ಹೊಡೀತಿದ್ದಿ ಬಿಡು.”

“ಹೊಡೀತಿದ್ದೆ. ಆದ್ರ ಒಂದ್ ಸಲ ಇದರ ಮುಖ ನೋಡಿ ಹೊಡೀತಿದ್ದೆ ಲೇ.”

ಇಬ್ಬರೂ ನಗಲು ಹೋಗಿ ನಿಲ್ಲಿಸಿದೆವು. ಒಂದು ಸಲ ಮುಖ ನೋಡುವಷ್ಟು ಹೊತ್ತು ಅಂದು ಮೈಕಿಗೆ ಅಂಟಿದ್ದ ಅವನಿಗಿರಲಿಲ್ಲ, ಅಂಟಿದ್ದರೆ ನನಗೂ ಇರುತ್ತಿರಲಿಲ್ಲ. ಒಳಗಿನಿಂದ ಚಹಾ ತಂದ ಸರೋಜಾ, “ಇಬ್ಬರೂ ಅಗ್ಗದ್ದ ತಗೋರಿ. ಅಮೆರಿಕದ್ದನ್ನ ಮನ್ಯಾಗ ನುಡಸ್ರಿ, ಅಗ್ಗದ್ದನ್ನ ಹೊರಗ ಒಯ್ರಿ” ಎಂದು ತೀರ್ಪು ಕೊಟ್ಟು ಹೋದಳು.

ಹಾಗೇ ಆಯಿತು. ಈಗ ಎಲ್ಲಿ ಕರೆದರೂ ನಾನು ಮೊದಲು ಟೆಸ್ಟರು ಹಿಡಿದು ವಯರುಗಳನ್ನೆಲ್ಲ ನೋಡಿ ಬರುತ್ತೇನೆ, ಬಸಣ್ಣ ನಗುವುದಿಲ್ಲ. ಆಮೇಲೆ ಇಬ್ಬರೂ ಇಂಡೋನೇಷ್ಯಾದ ಗಿಟಾರುಗಳನ್ನು ಕೊರಳಿಗೆ ಹಾಕಿಕೊಂಡು, ಒಬ್ಬರಿಗೊಬ್ಬರು ಕೈಗೆಟುಕುವಷ್ಟು ಹತ್ತಿರ ನಿಲ್ಲುತ್ತೇವೆ. ಶ್ರುತಿ ಹಾಡಿನ ನಡುವೆಯೇ ಜಾರುತ್ತದೆ. ಅವನು ಮೈಕಿನತ್ತ ಬಾಗಿದಾಗ ನನ್ನ ಕೈ ತಂತಾನೇ ಗಿಟಾರಿನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಪಲ್ಲವಿಗೆ ದನಿಗೂಡಿಸಲು ನಾನು ಬಾಗಿದಾಗ ಅವನ ಕೈಯೂ ಹಾಗೇ ಬಿಗಿಯುವುದನ್ನು ಓರೆಗಣ್ಣಿನಲ್ಲಿ ನೋಡಿದ್ದೇನೆ.